ಶಂಕರಪ್ಪ ಬೋನಿನ ಪಕ್ಕ ಕುಳಿತದ್ದು

ವಿಶಾಖಪಟ್ಟಣದ ಹತ್ತಿರದ ದುವ್ವಾಡ ಸ್ಟೇಷನ್ನಿನ ಹೊರಗೆ ನಿಲ್ಲುವ ಆಟೋದವರಲ್ಲಿ ಶಂಕರಪ್ಪನೊಡನೆ ಒಮ್ಮೆಯಾದರೂ ಜಗಳವಾಡದವನು ಸಿಗುವುದಿಲ್ಲ. ಹೆಸರು ಗೊತ್ತಿಲ್ಲದವರೂ ‘ಕೋಪದ ಕನ್ನಡದ ಸಾರ್ ಮನೆ’ ಎಂದರೆ ಸೀದಾ ಕರೆದುಕೊಂಡು ಹೋಗಿ ಗೇಟಿನ ಮುಂದೆ ಇಳಿಸುತ್ತಾರೆ, ಇಳಿಸಿ ತಕ್ಷಣ ಗಾಡಿ ತಿರುಗಿಸುತ್ತಾರೆ. ಹಾಲಿನವನು, ಕೇಬಲ್ಲಿನವನು, ಮಹಡಿ ಮೇಲಿನ ಬಾಡಿಗೆಯವರು, ಎಲ್ಲರೂ ಒಂದಲ್ಲ ಒಂದು ದಿನ ಅವನ ಬಾಯಿಗೆ ಸಿಕ್ಕವರೇ.

ಸಿಟ್ಟು ಬರುವುದಕ್ಕೆ ದೊಡ್ಡ ಕಾರಣವೇ ಬೇಕೆಂದಿರಲಿಲ್ಲ. ಒಡೆದ ತೆಂಗಿನಕಾಯಿ ಕೊಳೆತಿದ್ದರೆ ಅಂಗಡಿಯವನ ಮೇಲೆ, ಬಸ್ಸಿನಲ್ಲಿ ಯಾರಾದರೂ ಜೋರಾಗಿ ವಿಡಿಯೊ ಹಾಕಿಕೊಂಡರೆ ಅವರ ಮೇಲೆ, ಮಳೆ ಬಾರದಿದ್ದರೆ ಟಿವಿಯಲ್ಲಿ ಹವಾಮಾನ ಹೇಳುವವಳ ಮೇಲೆ. ಬೈಗುಳ ತೆಲುಗಿನಲ್ಲಿ ಶುರುವಾಗಿ, ಏರುತ್ತ ಹೋದಂತೆ ಹಿರಿಯೂರು ಕಡೆಯ ಕನ್ನಡಕ್ಕೆ ಹೊರಳುತ್ತಿತ್ತು. ಕೇಳುವವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಅರ್ಥವಾಗಲಿಲ್ಲವೆಂದು ಅವನಿಗೆ ಇನ್ನಷ್ಟು ಸಿಟ್ಟು. ಆಗ ಒಳಗಿನಿಂದ ಹೈಮಾವತಿ ಬಂದು ಮೊಣಕೈ ಹಿಡಿದು, ‘ಏವಂಡಿ, ಬಿಡಿ, ಊರುಕೊಳ್ಳಿ’ ಎಂದು ಅರ್ಧ ತೆಲುಗಿನ ತನ್ನ ಕನ್ನಡದಲ್ಲಿ ಸಮಾಧಾನ ಮಾಡಿ, ಬಿಪಿ ಮಾತ್ರೆ ಕೈಗಿಡುತ್ತಿದ್ದಳು. ಮದುವೆಯಾದಾಗಿನಿಂದ ಅವಳ ದೊಡ್ಡ ಕೆಲಸವೇ ಅದಾಗಿತ್ತು. ಗಂಡ ಹಚ್ಚಿ ಬಂದ ಬೆಂಕಿಗೆ ಹಿಂದಿನಿಂದ ಹೋಗಿ ನೀರು ಹಾಕುವುದು. ಅಂಗಡಿಯವನ ಹತ್ತಿರ ಹೋಗಿ ನಗುವುದು, ಬಾಡಿಗೆಯವರಿಗೆ ಸಾರು ಕೊಟ್ಟು ಬರುವುದು. ಅವಳಿಗೆ ಸಿಟ್ಟು ಬಂದದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ.

ಶಂಕರಪ್ಪ ಆ ಊರಿಗೆ ಬಂದದ್ದು ಕೆಂಪಣ್ಣನ ಬೆನ್ನು ಹಿಡಿದು. ಕೆಂಪಣ್ಣ ಅವನ ಊರಿನವನೇ, ಎರಡು ಮನೆ ಆಚೆಯವನು. ವಿಶಾಖಪಟ್ಟಣದ ಹೊರವಲಯದ ಒಂದು ಕಾರ್ಖಾನೆಯ ಯಾರ್ಡಿನಲ್ಲಿ ಕ್ರೇನಿಗೆ ಸರಕು ಕಟ್ಟುವ ಕೆಲಸದಲ್ಲಿದ್ದ. ಶಂಕರಪ್ಪನಿಗೆ ಅಲ್ಲೇ ಕ್ರೇನು ನಡೆಸುವ ಕೆಲಸ ಸಿಕ್ಕಿತು. ಕೆಳಗೆ ಕೆಂಪಣ್ಣ ಕಟ್ಟುವುದು, ಮೇಲಿನ ಕ್ಯಾಬಿನ್ನಿನಲ್ಲಿ ಕೂತು ಶಂಕರಪ್ಪ ಎತ್ತುವುದು. ಹೀಗೆ ವರ್ಷಗಳು ನಡೆದವು.

ಒಂದು ಬೆಳಿಗ್ಗೆ ಶಂಕರಪ್ಪ ಕೆಲಸಕ್ಕೆ ಬಂದವನು ಚಹಾ ತಣ್ಣಗಿದೆಯೆಂದು ಕೂಗಾಡಿದ. ಕ್ರೇನಿನ ಹಾದಿಗೆ ಅಡ್ಡವಾಗಿ ಸೈಕಲ್ಲು ನಿಲ್ಲಿಸಿದ್ದಾರೆಂದು ಕೂಗಾಡಿದ. ರಜೆ ಚೀಟಿಗೆ ಸಹಿ ಮಾಡಿಲ್ಲವೆಂದು ಕೂಗಾಡಿದ. ಸರಕು ಎತ್ತುವ ತಂತಿ ಹಗ್ಗದ ಎಳೆಗಳು ಬಿಚ್ಚಿಕೊಂಡಿವೆ, ಬದಲಿಸಿ ಎಂದೂ ಅದೇ ದನಿಯಲ್ಲಿ, ಅದೇ ಉಸಿರಿನಲ್ಲಿ ಕೂಗಿದ. ಮೇಲ್ವಿಚಾರಕ ಎಲ್ಲದಕ್ಕೂ ತಲೆಯಾಡಿಸಿ ಹೊರಟುಹೋದ. ಮಧ್ಯಾಹ್ನ ಹಗ್ಗ ಹರಿಯಿತು. ಕೆಂಪಣ್ಣನ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲವಾಯಿತು. ವಿಚಾರಣೆಯಲ್ಲಿ ಮೇಲ್ವಿಚಾರಕ ಹೇಳಿದ್ದು ಇಷ್ಟೇ: ಶಂಕರಪ್ಪ ದಿನಾ ಕೂಗುತ್ತಾನೆ ಸಾರ್, ಅದರಲ್ಲಿ ಯಾವುದನ್ನು ಕೇಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ನಮಗೆ ಹೇಗೆ ಗೊತ್ತಾಗಬೇಕು.

ಅಲ್ಲಿದ್ದವರು ಹೌದೆಂದರು. ಶಂಕರಪ್ಪ ಆ ಮೇಲ್ವಿಚಾರಕನ ಕಾಲರ್ ಹಿಡಿದು ಹದಿನೈದು ದಿನ ಸಸ್ಪೆಂಡ್ ಆದ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅದರಿಂದ ಅವನು ಕೂಗುವುದನ್ನು ಬಿಟ್ಟನೆಂದು ತಿಳಿಯಬೇಡಿ. ಇನ್ನೂ ಹೆಚ್ಚು ಕೂಗತೊಡಗಿದ.

ಹೈಮಾವತಿ ವಿಜಯವಾಡದವಳು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮ ರಾಮಮೋಹನನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ರೈಲ್ವೆಯಲ್ಲಿದ್ದ ತಂದೆಗೆ ದುವ್ವಾಡಕ್ಕೆ ವರ್ಗವಾಗಿ ಬಂದಾಗ, ಶಂಕರಪ್ಪ ಬಾಡಿಗೆಗಿದ್ದ ಬೀದಿಯಲ್ಲೇ ಮನೆ ಸಿಕ್ಕಿತು, ಮದುವೆಯೂ ಆಯಿತು. ಮದುವೆಯ ದಿನ ಅಕ್ಕನ ಸೆರಗು ಬಿಡದೆ ಅತ್ತ ರಾಮಮೋಹನ ಈಗ ವಿಜಯವಾಡದಲ್ಲಿ ದೊಡ್ಡ ಟೈಲ್ಸ್ ಅಂಗಡಿಯ ಯಜಮಾನ. ಅಲ್ಲೇ ಪಟಮಟದಲ್ಲಿ ಮನೆ. ಪ್ರತಿ ಸಂಕ್ರಾಂತಿಗೂ ಅಕ್ಕ ಅವನ ಮನೆಗೆ ಹೋಗಲೇಬೇಕು, ಹೋಗದಿದ್ದರೆ ಅವನು ಊಟಕ್ಕೇ ಕೂರುವುದಿಲ್ಲ ಎಂಬಷ್ಟು ಪ್ರೀತಿ.

ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಅವನೇ ಫೋನು ಮಾಡಿ, ಈ ಸಲ ಹಬ್ಬಕ್ಕೆ ಮೊದಲೇ ಬನ್ನಿ, ಸಾಹಿತ್ಯಳಿಗೆ ಒಂದು ಪ್ರಾಣಿ ತೋರಿಸುತ್ತೇನೆ ಎಂದ.

ಸಾಹಿತ್ಯ ಶಂಕರಪ್ಪನ ಒಬ್ಬಳೇ ಮಗಳು. ಅಚ್ಯುತಾಪುರಂನ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಕಡಲಾಮೆಗಳು ಮೊಟ್ಟೆಯಿಡುವ ಕಾಲದಲ್ಲಿ ಭಾನುವಾರಗಳಂದು ಬೆಳಿಗ್ಗೆ ಎದ್ದು ವಿಶಾಖಪಟ್ಟಣದ ದಂಡೆಗೆ ಹೋಗಿ, ಆ ಮೊಟ್ಟೆಗಳನ್ನು ನಾಯಿಗಳಿಂದ ಕಾಯುವವರ ಜೊತೆ ಸೇರಿಕೊಳ್ಳುತ್ತಿದ್ದಳು. ಅಲ್ಲಿ ಯಾರೋ ಅವಳಿಗೆ ಒಂದು ಕಾಡುಬೆಕ್ಕಿನ ವಿಷಯ ಹೇಳಿದ್ದರು. ಊರ ಬೆಕ್ಕಿಗಿಂತ ಎರಡು ಪಟ್ಟು ದೊಡ್ಡದು, ನೀರಿಗಿಳಿದು ಮೀನು ಹಿಡಿಯುತ್ತದೆ, ಕೃಷ್ಣಾ ನದಿ ಸಮುದ್ರ ಸೇರುವ ಕಡೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನಲ್ಲಿ ಇದೆ. ತೆಲುಗಿನವರು ಅದನ್ನು ಬಾವುರುಪಿಲ್ಲಿ ಎನ್ನುತ್ತಾರೆ. ಅಲ್ಲಿಂದಾಚೆ ಅವಳಿಗೆ ಅದೇ ಗುಂಗು. ನಮ್ಮ ಕರಾವಳಿಯದೇ ಪ್ರಾಣಿ, ಹುಲಿ ನೋಡಲು ಎಲ್ಲೆಲ್ಲಿಗೋ ಹೋಗುತ್ತಾರೆ, ಇದರ ಹೆಸರೇ ಯಾರಿಗೂ ಗೊತ್ತಿಲ್ಲ ಎಂದು ಸೋದರಮಾವನ ಹತ್ತಿರ ಹೇಳಿದ್ದಳು. ಅವನು ಅದನ್ನು ನೆನಪಿಟ್ಟುಕೊಂಡಿದ್ದ.

ಅಭಯಾರಣ್ಯಕ್ಕೆ ಹೋಗುವುದೆಂದರೆ ಇಲಾಖೆಯ ಪರವಾನಗಿ ಬೇಕಲ್ಲವೇ ಎಂದು ಸಾಹಿತ್ಯ ಕೇಳಿದಾಗ ರಾಮಮೋಹನ ನಕ್ಕ. ತನ್ನ ಗಿರಾಕಿ ಫಣಿ ಎಂಬವನಿದ್ದಾನೆ, ಆ ಕಡೆ ಅವನ ಮೀನು ಹೊಂಡಗಳಿವೆ, ಸ್ವಂತ ದೋಣಿ ಇದೆ, ಅವನಿಗೆ ಎಲ್ಲರೂ ಗೊತ್ತು ಎಂದ. ಇಲಾಖೆಯ ದೋಣಿಯಲ್ಲಿ ಹೋದರೆ ಕಾಣಲೂಬಹುದು, ಕಾಣದಿರಲೂಬಹುದು, ಫಣಿಯ ಜೊತೆ ಹೋದರೆ ಕಂಡೇ ಕಾಣುತ್ತದೆ ಎಂದ.

ಆ ‘ಕಂಡೇ ಕಾಣುತ್ತದೆ’ ಎಂಬ ಮಾತು ಸಾಹಿತ್ಯಳಿಗೆ ಹಿಡಿಸಲಿಲ್ಲ. ಶಂಕರಪ್ಪನಿಗೆ ಅದರ ಕಡೆ ಗಮನವೇ ಹೋಗಲಿಲ್ಲ. ಅವನ ಗಮನವೆಲ್ಲ ರತ್ನಾಚಲ್ ರೈಲಿನಲ್ಲಿ ತಮ್ಮ ಸೀಟಿನಲ್ಲಿ ಕೂತವರ ಮೇಲೆ, ಮಾರಿದ ಇಡ್ಲಿಗೆ ಚಟ್ನಿ ಕೊಡದವನ ಮೇಲೆ, ವಿಜಯವಾಡದ ಸೊಳ್ಳೆಗಳ ಮೇಲೆ ಇತ್ತು.

ಮರುದಿನ ಬೆಳಿಗ್ಗೆ ರಾಮಮೋಹನನ ಕಾರಿನಲ್ಲಿ ಹೊರಟರು. ಅವನು, ಅವನ ಹೆಂಡತಿ, ಇವರು ಮೂವರು. ಅವನಿಗಡ್ಡ ಎಂಬ ಊರು ದಾಟಿ, ಸಣ್ಣದೊಂದು ಪೇಟೆಯಲ್ಲಿ ಕಾಫಿ ಕುಡಿದು, ಆಮೇಲೆ ಮೀನು ಹೊಂಡಗಳ ನಡುವಿನ ಮಣ್ಣು ರಸ್ತೆಗೆ ಇಳಿದರು. ಫಣಿ ದೋಣಿಯ ಹತ್ತಿರ ಕಾಯುತ್ತಿದ್ದ. ನಲವತ್ತರ ಆಸುಪಾಸಿನವನು, ಬಿಳಿ ಅಂಗಿ, ನಗುಮುಖ. ಹೈಮಾವತಿಯ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದ. ಶಂಕರಪ್ಪನಿಗೆ ದೋಣಿ ಹತ್ತಲು ಕೈ ಕೊಟ್ಟ.

ಒಂದು ಗಂಟೆ ಚೆನ್ನಾಗಿಯೇ ಕಳೆಯಿತು. ಎರಡೂ ಕಡೆ ಕಾಂಡ್ಲಾ ಗಿಡಗಳು ಬೇರುಗಳನ್ನು ಬೆರಳಿನ ಹಾಗೆ ಕೆಸರಿಗೆ ಊರಿ ನಿಂತಿದ್ದವು. ಕೆಸರಿನ ಮೇಲೆ ಸಣ್ಣ ಮೀನುಗಳು ಕಪ್ಪೆಯ ಹಾಗೆ ಕುಪ್ಪಳಿಸುತ್ತಿದ್ದವು. ಮೀನು ನೆಲದ ಮೇಲೆ ಓಡಾಡುವುದನ್ನು ಶಂಕರಪ್ಪ ಅದೇ ಮೊದಲು ಕಂಡದ್ದು. ಒಂದು ತಿರುವಿನಲ್ಲಿ ನಾಲ್ಕು ನೀರುನಾಯಿಗಳು ತಲೆಯೆತ್ತಿ ಇವರನ್ನು ನೋಡಿ ಮುಳುಗಿದವು. ಸಾಹಿತ್ಯ ಅಪ್ಪನ ತೋಳು ಹಿಡಿದು ಅಲ್ಲಿ, ಅಲ್ಲಿ ಎಂದು ತೋರಿಸುತ್ತಿದ್ದಳು. ಚಿಕ್ಕವಳಾಗಿದ್ದಾಗಲೂ ಅವಳು ಅವನ ತೋಳನ್ನು ಹಾಗೆ ಹಿಡಿದಿದ್ದು ಕಡಿಮೆ. ಅಪ್ಪ ಯಾವಾಗ ಯಾರ ಮೇಲೆ ಹರಿಹಾಯುತ್ತಾನೋ ಎಂದು ಬೀದಿಯಲ್ಲಿ ಎರಡು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದ ಹುಡುಗಿ ಅದು. ಶಂಕರಪ್ಪ ದೋಣಿಯಲ್ಲಿ ಒಂದು ಮಾತೂ ಬೈಯದೆ ಕೂತಿದ್ದ.

ದೋಣಿ ಒಂದು ಒಡ್ಡಿನ ಪಕ್ಕ ನಿಂತಿತು. ಮೇಲೆ ತಗಡಿನ ಶೆಡ್ಡು, ಅದರಾಚೆ ಫಣಿಯ ಮೀನು ಹೊಂಡಗಳು. ಬನ್ನಿ, ಬಾವುರುಪಿಲ್ಲಿ ಇಲ್ಲೇ ಇದೆ ಎಂದು ಫಣಿ ಮುಂದೆ ನಡೆದ.

ಶೆಡ್ಡಿನ ಹಿಂದೆ ಗೋಣಿ ತಾಟು ಮುಚ್ಚಿದ ಕಬ್ಬಿಣದ ಬೋನಿತ್ತು. ಫಣಿ ತಾಟು ಎಳೆದ. ಒಳಗೆ ಬೂದು ಬಣ್ಣದ, ಮೈತುಂಬ ಕಪ್ಪು ಚುಕ್ಕೆಯ ಪ್ರಾಣಿ ಮೂಲೆಗೆ ಒತ್ತಿಕೊಂಡಿತ್ತು. ಬೆಳಕು ಬಿದ್ದ ಕೂಡಲೇ ಹಾರಿ ಸರಳಿಗೆ ಹಣೆ ಬಡಿದುಕೊಂಡಿತು. ಮತ್ತೆ ಹಾರಿತು, ಮತ್ತೆ ಬಡಿದುಕೊಂಡಿತು. ಹಣೆಯ ಚರ್ಮ ಹರಿದು ರಕ್ತ ಕಣ್ಣಿನ ಮೇಲೆ ಒಣಗಿತ್ತು. ಹಳೆಯ ಗಾಯದ ಮೇಲೆ ಹೊಸ ಗಾಯ. ಬೋನಿನಲ್ಲಿ ಕೊಳೆತ ಮೀನು ಬಿದ್ದಿತ್ತು. ನೀರಿನ ತಟ್ಟೆ ಮಗುಚಿತ್ತು.

ಹೊಂಡದ ಮೀನು ತಿನ್ನುತ್ತಿತ್ತು, ಹಿಡಿಸಿದೆ, ಹಬ್ಬ ಮುಗಿಯುವವರೆಗೆ ಗೆಳೆಯರು ಬರುತ್ತಲೇ ಇರುತ್ತಾರೆ, ಅವರಿಗೆಲ್ಲ ತೋರಿಸಿ ಆಮೇಲೆ ನೋಡೋಣ ಎಂದು ಫಣಿ ವಿವರಿಸಿದ. ಒಂದು ಕಡ್ಡಿ ತೆಗೆದುಕೊಂಡು ಬೋನಿನೊಳಗೆ ತೂರಿಸಿದ, ಅದು ಹಲ್ಲು ಕಿರಿಯಲಿ, ಫೋಟೊ ಚೆನ್ನಾಗಿ ಬರಲಿ ಎಂದು. ರಾಮಮೋಹನನ ಹೆಂಡತಿ ಫೋನು ಮೇಲೆತ್ತಿದಳು. ಸಾಹಿತ್ಯ ಆ ಕಡ್ಡಿಯನ್ನು ಫಣಿಯ ಕೈಯಿಂದ ಕಿತ್ತು ಎಸೆದಳು. ಇದನ್ನು ಹಿಡಿಯುವುದು ಅಪರಾಧ, ಹುಲಿಗೆ ಎಷ್ಟು ರಕ್ಷಣೆಯೋ ಇದಕ್ಕೂ ಅಷ್ಟೇ ಎಂದಳು.

ಶಂಕರಪ್ಪ ಬೋನಿನ ಮುಂದೆ ನಿಂತೇ ಇದ್ದ. ಪ್ರಾಣಿ ಮತ್ತೊಮ್ಮೆ ಹಾರಿ ಹಣೆ ಬಡಿದುಕೊಂಡ ಸದ್ದು ಕೇಳಿ ಅವನ ಬಾಯಿ ತೆರೆಯಿತು. ಫಣಿಯ ವಂಶ, ಅವನ ಹೊಂಡ, ಅವನ ಬಿಳಿ ಅಂಗಿ, ಒಂದನ್ನೂ ಬಿಡಲಿಲ್ಲ. ತೆಲುಗು ಮುಗಿದು ಕನ್ನಡಕ್ಕೆ ಬಂದ. ದನಿ ಹೊಂಡದ ಆಚೆ ದಡದ ಕೊಕ್ಕರೆಗಳನ್ನು ಎಬ್ಬಿಸಿತು.

ಫಣಿ ನಗುತ್ತ ಕೇಳಿಸಿಕೊಂಡ. ರಾಮಮೋಹನನೂ ನಕ್ಕ. ‘ಬೇಜಾರು ಮಾಡ್ಕೋಬೇಡಿ ಫಣಿಗಾರು. ನಮ್ಮ ಬಾವಗಾರು ಹೀಗೇ. ಬೆಳಿಗ್ಗೆ ಕಾಫಿಗೂ ಇಷ್ಟೇ ಕೂಗಿದ್ರು. ಬಿಪಿ,’ ಎಂದು ಎದೆ ಮುಟ್ಟಿ ತೋರಿಸಿದ.

ಅದು ಸುಳ್ಳಾಗಿರಲಿಲ್ಲ. ಬೆಳಿಗ್ಗೆ ಪೇಟೆಯಲ್ಲಿ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಶಂಕರಪ್ಪ ಇದೇ ದನಿಯಲ್ಲಿ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬೈದಿದ್ದ. ಈಗ ಅದು ಅವನ ತಲೆಗೆ ಹೊಳೆದು, ಮಾತು ಅರ್ಧಕ್ಕೇ ನಿಂತಿತು. ಕಾರ್ಖಾನೆಯ ವಿಚಾರಣೆಯ ಕೋಣೆ, ಮೇಲ್ವಿಚಾರಕ, ಹೌದೆಂದು ತಲೆಯಾಡಿಸಿದವರ ಮುಖಗಳು ಕಣ್ಣ ಮುಂದೆ ಬಂದವು. ಯಾವುದನ್ನು ಕೇಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು. ತನ್ನ ಸಿಟ್ಟನ್ನು ತಾನೇ ಕಾಫಿಗೂ ಚಟ್ನಿಗೂ ಖರ್ಚು ಮಾಡಿ ಕೂತಿದ್ದೇನೆ, ಈಗ ಬೇಕಾದಾಗ ಅದಕ್ಕೆ ಬೆಲೆಯೇ ಇಲ್ಲ ಎಂಬುದು ಅವನಿಗೆ ತಿಳಿಯಿತು. ಹಾಗೆ ತಿಳಿದದ್ದರಿಂದ ಸಿಟ್ಟು ಇಳಿಯಲಿಲ್ಲ.

ಅವನು ಬೋನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ.

ಏನು ಮಾಡುತ್ತಿದ್ದೀರಿ ಎಂದು ರಾಮಮೋಹನ ಕೇಳಿದ.

‘ಫಾರೆಸ್ಟಿನವರು ಬರೋವರೆಗೂ ಏಳಲ್ಲ,’ ಎಂದ ಶಂಕರಪ್ಪ. ಕೂಗಲಿಲ್ಲ.

ಸಾಹಿತ್ಯ ಫೋನು ತೆಗೆದು ನೋಡಿದಳು. ಸಿಗ್ನಲ್ ಇರಲಿಲ್ಲ. ಒಡ್ಡಿನ ಮೇಲೆ ಹತ್ತಿ ನೋಡಿದಳು, ಶೆಡ್ಡಿನ ಆಚೆ ಹೋಗಿ ನೋಡಿದಳು. ಎಲ್ಲೂ ಇರಲಿಲ್ಲ. ಬೋನಿಗೆ ಬೀಗ, ಕೀಲಿ ಫಣಿಯ ಜೇಬಿನಲ್ಲಿ. ಕೀಲಿ ಸಿಕ್ಕರೂ ತೆರೆಯಬಾರದು, ಈ ಗಾಯಕ್ಕೆ ಡಾಕ್ಟರು ಬೇಕು ಎಂದಳು. ಬಿಟ್ಟು ಹೋದರೆ ಸಂಜೆಯೊಳಗೆ ಇವರು ಬೋನನ್ನೇ ಮಾಯ ಮಾಡುತ್ತಾರೆ ಎಂದಳು. ಅಪ್ಪನ ಪಕ್ಕದಲ್ಲಿ ತಾನೂ ಕೂತಳು.

ಫಣಿಯ ನಗು ಈಗ ಹೋಯಿತು. ಇಳಿತ ಶುರುವಾಗಿದೆ, ನೀರು ಇಳಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ, ಹೊರಡಬೇಕು ಎಂದ. ರಾಮಮೋಹನ ಬೇಡಿಕೊಂಡ. ಇವನು ನನಗೆ ಎಷ್ಟು ಬೇಕಾದವನು ಗೊತ್ತಾ, ಒಂದು ಬೆಕ್ಕಿಗೋಸ್ಕರ ನನ್ನ ಮರ್ಯಾದೆ ತೆಗೆಯುತ್ತೀರಲ್ಲ ಎಂದು ಕೂಗಾಡಿದ. ಅಕ್ಕನ ಕಡೆ ತಿರುಗಿ, ಹೇಳಬಾರದಾ ಅಕ್ಕಾ ಎಂದ.

ಎಲ್ಲರೂ ಹೈಮಾವತಿಯನ್ನು ನೋಡಿದರು. ಅವಳು ಬೋನಿನೊಳಗಿನ ಪ್ರಾಣಿಯನ್ನು ಒಂದು ಸಲ ನೋಡಿದಳು. ಗಂಡನ ಪಕ್ಕ ನೀರಿನ ಬಾಟಲಿ, ಮಾತ್ರೆಯ ಪಟ್ಟಿ, ಪುಳಿಹೊರೆಯ ಡಬ್ಬಿ ಇಟ್ಟಳು. ‘ನಾನು ಹೋಗ್ತೀನಿ’ ಎಂದಷ್ಟೇ ಹೇಳಿ ತಮ್ಮನ ಹಿಂದೆ ನಡೆದು ದೋಣಿ ಹತ್ತಿದಳು.

ಶಂಕರಪ್ಪನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವಳು ಮೊಣಕೈ ಹಿಡಿದು ಬಿಡಿ ಅನ್ನುತ್ತಾಳೆ, ತಾನು ಬಿಡುವುದಿಲ್ಲ ಅನ್ನಬೇಕು ಎಂದು ಅವನು ತಯಾರಾಗಿ ಕೂತಿದ್ದ. ಅವಳು ಬಿಟ್ಟೇ ಹೋಗುತ್ತಾಳೆಂದು ಅಂದುಕೊಂಡಿರಲಿಲ್ಲ. ದೋಣಿಯ ಮೋಟಾರಿನ ಸದ್ದು ಗಿಡಗಳ ಹಿಂದೆ ಸರಿದು ಸಣ್ಣದಾಗುತ್ತ ಹೋಯಿತು.

‘ತಮ್ಮನ ಮುಂದೆ ಗಂಡ ಯಾವ ಲೆಕ್ಕ ನಿಮ್ಮಮ್ಮಂಗೆ,’ ಎಂದ ಮಗಳಿಗೆ.

‘ಅಮ್ಮನ್ನ ಏನೂ ಅನ್ನಬೇಡ ಅಪ್ಪಾ,’ ಎಂದಳು ಸಾಹಿತ್ಯ.

ಆ ಮಧ್ಯಾಹ್ನ ಉದ್ದವಾಗಿತ್ತು. ನೀರು ಇಳಿದು ಕೆಸರಿನ ವಾಸನೆ ಎದ್ದಿತು. ಸಾಹಿತ್ಯ ದುಪಟ್ಟಾ ತೆಗೆದು, ಗೋಣಿ ತಾಟಿನ ಜೊತೆಗೆ ಹಾಕಿ ಬೋನನ್ನು ಕತ್ತಲೆ ಮಾಡಿದಳು. ಸರಳಿನ ಸಂದಿಯಿಂದ ಬಾಟಲಿಯ ನೀರನ್ನು ಮಗುಚಿದ ತಟ್ಟೆಯ ಗುಳಿಗೆ ಸ್ವಲ್ಪ ಸ್ವಲ್ಪವಾಗಿ ಸುರಿದಳು. ಬಹಳ ಹೊತ್ತಿನ ಮೇಲೆ ಒಳಗಿನಿಂದ ನೆಕ್ಕುವ ಸದ್ದು ಬಂತು. ಶಂಕರಪ್ಪ ಆ ಸದ್ದನ್ನು ಬೆನ್ನ ಹಿಂದೆ ಕೇಳುತ್ತ, ಹೆಂಡತಿಯನ್ನು ಮನಸ್ಸಿನಲ್ಲೇ ಬೈಯುತ್ತ ಕೂತ. ಹಳೆಯದನ್ನೆಲ್ಲ ತೆಗೆದ. ಯಾವ ಯಾವ ಹಬ್ಬಕ್ಕೆ ಅವಳು ತವರಿಗೆ ಹೋದಳು, ಯಾವ ಯಾವ ಜಗಳದಲ್ಲಿ ಎದುರಿನವರ ಹತ್ತಿರ ತನಗಾಗಿ ಕ್ಷಮೆ ಕೇಳಿ ತನ್ನ ಮಾನ ಕಳೆದಳು, ಎಲ್ಲ.

ಹೊಂಡ ಕಾಯುವವನೊಬ್ಬ ಅಲ್ಲೇ ಉಳಿದಿದ್ದ, ಹೆಸರು ಧನಂಜಯ. ಬಡಕಲು ಆಳು. ಫಣಿ ಹೊರಡುವ ಮೊದಲು ಅವನ ಕಿವಿಯಲ್ಲಿ ಏನೋ ಹೇಳಿ ಹೋಗಿದ್ದ. ಅವನು ಒಂದೆರಡು ಸಲ ಸುತ್ತು ಹಾಕಿ, ಕೊನೆಗೆ ಎದುರಿಗೆ ಬಂದು ನಿಂತು, ಎದ್ದೇಳಿ, ಬೋನನ್ನು ಒಳಗಿಡಬೇಕು ಎಂದ. ಶಂಕರಪ್ಪ ಏಳಲಿಲ್ಲ. ಇಷ್ಟು ದಿನ ಈ ಪ್ರಾಣಿ ಹಣೆ ಒಡೆದುಕೊಳ್ಳುತ್ತಿದ್ದರೆ ನೋಡಿಕೊಂಡು ಹೇಗೆ ಊಟ ಮಾಡಿದೆ ಎಂದು ಅವನನ್ನೇ ತರಾಟೆಗೆ ತೆಗೆದುಕೊಂಡ.

ಧನಂಜಯನಿಗೆ ಸಿಟ್ಟು ಬಂತು. ಅಂಥ ಸಿಟ್ಟು ಎದುರಿನಿಂದ ಬಂದದ್ದನ್ನು ಶಂಕರಪ್ಪ ಬಹಳ ಕಾಲದಿಂದ ಕಂಡಿರಲಿಲ್ಲ. ‘ನೀವು ಸಾಯಂಕಾಲ ಮನೆಗೆ ಹೋಗ್ತೀರಿ ಸಾರ್. ಮೀನು ಕಡಿಮೆಯಾದ್ರೆ ನಾನು ಕದ್ದೆ ಅಂತಾರೆ. ಬೆಕ್ಕು ತಿಂತು ಅಂದ್ರೆ ಬೆಕ್ಕನ್ನ ತೋರಿಸು ಅಂತಾರೆ. ತೋರಿಸಿದೆ. ಈಗ ನೀವು ನನ್ನ ಬೈತೀರಿ. ನಾನು ಯಾರನ್ನ ಬೈಲಿ?’ ಎಂದ.

ಸಾಹಿತ್ಯ ಡಬ್ಬಿಯ ಪುಳಿಹೊರೆಯಲ್ಲಿ ಒಂದು ಪಾಲು ತೆಗೆದು ಮುಚ್ಚಳದಲ್ಲಿ ಹಾಕಿ ಧನಂಜಯನ ಕಡೆ ಸರಿಸಿದಳು. ಅವನು ಮುಟ್ಟಲಿಲ್ಲ. ಆದರೆ ಬೋನನ್ನೂ ಮುಟ್ಟಲಿಲ್ಲ. ಶೆಡ್ಡಿನ ನೆರಳಿನಲ್ಲಿ ಇವರಿಗೆ ಬೆನ್ನು ಹಾಕಿ ಬೀಡಿ ಹಚ್ಚಿ ಕೂತ.

ಹೊತ್ತು ಇಳಿಯುವ ಮುಂಚೆ ದೂರದಲ್ಲಿ ಮೋಟಾರಿನ ಸದ್ದು ಕೇಳಿತು. ಫಣಿ ಆಳುಗಳನ್ನು ಕಟ್ಟಿಕೊಂಡು ಬಂದನೆಂದು ಶಂಕರಪ್ಪ ಎದ್ದು ನಿಂತ, ಕಾಲು ಮರಗಟ್ಟಿತ್ತು. ಸದ್ದು ನಿಂತಿತು. ಇಳಿತದಿಂದ ದೋಣಿ ಒಡ್ಡಿನವರೆಗೆ ಬರುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಿಡಗಳ ನಡುವಿನಿಂದ ಖಾಕಿ ತೊಟ್ಟ ಮೂವರು ಕೆಸರಿನಲ್ಲಿ ಹೆಜ್ಜೆ ಕೀಳುತ್ತ ಬಂದರು. ಅವರ ಹಿಂದೆ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತೊಡೆಯವರೆಗೆ ಕೆಸರು ಮೆತ್ತಿಕೊಂಡು ಹೈಮಾವತಿ ಬರುತ್ತಿದ್ದಳು.

ನಡೆದದ್ದು ಹೀಗೆ. ದೋಣಿ ದಡ ಮುಟ್ಟಿದ ಮೇಲೆ ಅವಳು ತಲೆ ಸುತ್ತುತ್ತಿದೆ, ಹತ್ತಿರದ ಮನೆಗೆ ಹೋಗಿ ಮುಖ ತೊಳೆದು ಬರುತ್ತೇನೆಂದು ತಮ್ಮನಿಗೆ ಹೇಳಿ, ಮಣ್ಣು ರಸ್ತೆಯಲ್ಲಿ ಒಬ್ಬಳೇ ನಡೆದು, ಹಿಂದಿನಿಂದ ಬಂದ ಮೀನಿನ ಗಾಡಿಯವನನ್ನು ಕೈ ಅಡ್ಡ ಹಾಕಿ ನಿಲ್ಲಿಸಿದ್ದಳು. ಬೆಳಿಗ್ಗೆ ಕಾಫಿ ಕುಡಿದ ಪೇಟೆಯಲ್ಲಿ, ಶಂಕರಪ್ಪ ಸಕ್ಕರೆಗಾಗಿ ಜಗಳವಾಡುತ್ತಿದ್ದಾಗ, ಅವಳು ನಾಚಿಕೆಯಿಂದ ಮುಖ ತಿರುಗಿಸಿ ಎದುರಿನ ಅರಣ್ಯ ಇಲಾಖೆಯ ಕಚೇರಿಯ ಬೋರ್ಡು ಓದುತ್ತ ನಿಂತಿದ್ದಳು. ಈಗ ನೇರ ಅಲ್ಲಿಗೆ ಹೋದಳು. ಫಣಿಯ ಹೆಸರು ಹೇಳಿದಳು. ಕರೆದುಕೊಂಡು ಹೋದವರು ಯಾರೆಂದು ಕೇಳಿದಾಗ ತಮ್ಮನ ಹೆಸರನ್ನೂ ಹೇಳಿದಳು. ದೂರಿನ ಕೆಳಗೆ ಸಹಿ ಹಾಕಿದಳು. ಜಾಗ ತಾನೇ ತೋರಿಸುತ್ತೇನೆಂದು ದೋಣಿ ಹತ್ತಿದಳು.

ಶಂಕರಪ್ಪ ಅವಳ ಕೆಸರು ಕಾಲನ್ನು ನೋಡಿದ. ಏನು ಹೇಳಬೇಕೆಂದು ತಿಳಿಯದೆ, ‘ಹೇಳಿ ಹೋಗಬಾರದಾಗಿತ್ತಾ?’ ಎಂದು ಗದರಿದ.

‘ನಿಮಗೆ ಹೇಳಿದ್ರೆ ಊರಿಗೆಲ್ಲ ಕೇಳಿಸ್ತದಲ್ಲಂಡಿ,’ ಎಂದಳು ಹೈಮಾವತಿ.

ಬೋನಿನ ಬೀಗ ಒಡೆಯಲಿಲ್ಲ. ಹಾಗೆಯೇ ಎತ್ತಿ, ನಾಲ್ಕು ಮೂಲೆಗೆ ನಾಲ್ವರು ಹಿಡಿದು ಕೆಸರು ದಾಟಿಸಿದರು. ಖಾಕಿಯವರು ಮೂವರು, ನಾಲ್ಕನೆಯ ಮೂಲೆಗೆ ಶಂಕರಪ್ಪ ಕೈ ಹಾಕಿದ. ಎರಡು ಹೆಜ್ಜೆಗೆ ಅವನಿಗೆ ಉಸಿರು ಕಟ್ಟಿತು. ಶೆಡ್ಡಿನ ಹತ್ತಿರ ನಿಂತಿದ್ದ ಧನಂಜಯ ಬಂದು ಅವನನ್ನು ಪಕ್ಕಕ್ಕೆ ಸರಿಸಿ ಮೂಲೆ ಹಿಡಿದ.

ಬೆಕ್ಕಿಗೆ ಡಾಕ್ಟರು ಹೊಲಿಗೆ ಹಾಕಿದರು. ವಾಸಿಯಾದ ಮೇಲೆ ಅದೇ ಕಾಡಿನ ಒಳಭಾಗದಲ್ಲಿ ಬಿಟ್ಟರು. ಒಬ್ಬ ಗಾರ್ಡು ಸಾಹಿತ್ಯಳಿಗೆ ಅದರ ವಿಡಿಯೊ ಕಳಿಸಿದ. ಬಾಗಿಲು ಏಳುತ್ತದೆ, ಬೂದು ಮೈ ಒಂದು ಸಲ ಮಿಂಚಿ ಬೇರುಗಳ ನಡುವೆ ಇಲ್ಲವಾಗುತ್ತದೆ, ಅಷ್ಟೇ. ಶಂಕರಪ್ಪ ಅದನ್ನು ಹತ್ತಾರು ಸಲ ಹಾಕಿಸಿ ನೋಡಿದ. ಬಿಡುವಾಗ ಅಷ್ಟೊಂದು ಜನ ಫೋನು ಹಿಡಿದು ಯಾಕೆ ನಿಂತಿದ್ದರು, ಪಾಪದ್ದು ಹೆದರುವುದಿಲ್ಲವೇ ಎಂದು ಪ್ರತಿಸಲವೂ ಬೈದ.

ಧನಂಜಯನ ಕೆಲಸ ಅದೇ ವಾರ ಹೋಯಿತು. ಇದು ತಿಳಿದ ದಿನ ಶಂಕರಪ್ಪ ಯಾರನ್ನೂ ಬೈಯದೆ ಊಟ ಬಿಟ್ಟು ಎದ್ದ. ಎರಡು ಸಲ ಆ ಕಡೆ ಹೋಗಿ ಹುಡುಕಿದ. ಭೀಮವರಂ ಕಡೆ ಬೇರೆ ಹೊಂಡಕ್ಕೆ ಸೇರಿದ್ದಾನೆ ಎಂದು ಯಾರೋ ಹೇಳಿದರು. ಸಿಗಲಿಲ್ಲ.

ರಾಮಮೋಹನ ಬೋನು ಸಾಗಿಸಿದ ದಿನದ ಸಂಜೆಯೇ ಅಕ್ಕನವರ ಚೀಲಗಳನ್ನು ಡ್ರೈವರ್ ಕೈಯಲ್ಲಿ ಸ್ಟೇಷನ್ನಿಗೆ ಕಳಿಸಿದ. ತಾನು ಬರಲಿಲ್ಲ. ಆ ಸಂಕ್ರಾಂತಿಗೆ ಕರೆಯಲಿಲ್ಲ, ಮುಂದಿನದಕ್ಕೂ ಇಲ್ಲ. ಫಣಿಯ ಮೇಲೆ ಕೇಸು ಶುರುವಾಯಿತು. ರಾಮಮೋಹನ ಹೇಳಿಕೆಯಲ್ಲಿ, ಬೋನು ಕಂಡೆ, ಒಳಗೆ ಏನಿತ್ತೆಂದು ನೋಡಲಿಲ್ಲ ಎಂದು ಬರೆಸಿದ್ದ.

ಸಾಕ್ಷಿ ಹೇಳಲು ಗಂಡ ಹೆಂಡತಿ ಇಬ್ಬರನ್ನೂ ಅವನಿಗಡ್ಡದ ಕೋರ್ಟಿಗೆ ಕರೆಸಿದರು. ಹಿಂದಿನ ಎರಡು ವಾಯಿದೆಗಳು ಸುಮ್ಮನೆ ಮುಂದಕ್ಕೆ ಹೋಗಿದ್ದವು. ಶಂಕರಪ್ಪನದು ಮೊದಲು. ಅವನು ದನಿ ಏರಿಸಿದ, ನ್ಯಾಯಾಧೀಶರು ಎರಡು ಸಲ ಎಚ್ಚರಿಸಿದರು, ಫಣಿಯ ವಕೀಲರು ಅವನನ್ನು ಇನ್ನೂ ಕೆಣಕಿದರು. ಮುಗಿಸಿ ಹಿಂದಿನ ಬೆಂಚಿನಲ್ಲಿ ಕೂತಾಗ ಎಲ್ಲ ಹಾಳು ಮಾಡಿದೆನೆಂದು ಅವನಿಗೆ ಗೊತ್ತಿತ್ತು. ಆಮೇಲೆ ಹೈಮಾವತಿಯನ್ನು ಕರೆದರು. ನಿಮ್ಮ ಗಂಡ ಸಣ್ಣ ಸಣ್ಣದಕ್ಕೂ ಕೂಗಾಡುವ ಮನುಷ್ಯ ಹೌದೋ ಅಲ್ಲವೋ ಎಂದು ವಕೀಲರು ಕೇಳಿದರು.

‘ಹೌದು,’ ಎಂದಳು ಅವಳು ತೆಲುಗಿನಲ್ಲಿ. ‘ಅವರಿಗೆ ಎಲ್ಲದಕ್ಕೂ ಸಿಟ್ಟು ಬರುತ್ತೆ. ಆದರೆ ದೂರು ಕೊಟ್ಟವಳು ನಾನು. ನನಗೆ ಸಿಟ್ಟು ಬರೋದಿಲ್ಲ. ಬೇಕಾದ್ರೆ ಹೊರಗೆ ಕೂತಿರೋ ನನ್ನ ತಮ್ಮನನ್ನ ಕೇಳಿ, ಅವನನ್ನ ಸಾಕಿದವಳು ನಾನೇ.’

ವಕೀಲರು ಬೇರೆ ಪ್ರಶ್ನೆಗೆ ಹೋದರು.

ಹೊರಗೆ ಬಂದಾಗ ಮೊಗಸಾಲೆಯಲ್ಲಿ ರಾಮಮೋಹನ ಫಣಿಯ ಪಕ್ಕ ಕೂತಿದ್ದ. ಅಕ್ಕ ಹತ್ತಿರ ಬಂದಾಗ ಫೋನಿನೊಳಗೆ ತಲೆ ಹಾಕಿದ. ಅವಳು ಒಂದು ಕ್ಷಣ ನಿಂತು, ಅವನ ನೆತ್ತಿಯನ್ನು ನೋಡಿ, ನಡೆದುಬಿಟ್ಟಳು.

ವಿಜಯವಾಡಕ್ಕೆ ವಾಪಸು ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಅತ್ತಳು. ಶಂಕರಪ್ಪನಿಗೆ ಅದನ್ನು ನೋಡಲಾಗಲಿಲ್ಲ. ರಾಮಮೋಹನನನ್ನು ಬೈಯತೊಡಗಿದ. ಕೃತಘ್ನ ಅಂದ, ಹೆತ್ತವಳ ಹಾಗೆ ಸಾಕಿದವಳನ್ನು ಮುಖವೆತ್ತಿ ನೋಡದವನು ಅಂದ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ದನಿ ಏರಿತು.

‘ಅವನನ್ನ ನೀವು ಬೈಬೇಡಿ,’ ಎಂದಳು ಹೈಮಾವತಿ, ಕಣ್ಣು ಒರೆಸಿಕೊಂಡು. ‘ಅವನ ಮೇಲಿನ ಸಿಟ್ಟು ನಂದು.’

ಶಂಕರಪ್ಪ ಬಾಯಿ ಮುಚ್ಚಿದ. ಬಸ್ಸು ಕಾಲುವೆಯ ದಡದ ರಸ್ತೆಯಲ್ಲಿ ಹೋಗುತ್ತಿತ್ತು. ತೀರ್ಪು ಇನ್ನೂ ಬಂದಿಲ್ಲ.